ಕೈ ಬಿಟ್ಟರೂ ಓಡುವ ಸ್ಟಿಕ್: ಡ್ರಿಫ್ಟಿನ ಹಿಂದುಮುಂದು

ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ರಿಪೇರಿ ಅಂಗಡಿಗಳಿಗೆ ಈಗ ಗೇಮ್ ಕಂಟ್ರೋಲರ್‌ಗಳೂ ಬರುತ್ತವೆ. ದೂರು ಹೆಚ್ಚುಕಮ್ಮಿ ಒಂದೇ, ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ ಕೈ ಬಿಟ್ಟರೂ ಓಡುವ 'ಡ್ರಿಫ್ಟ್': "ಅಣ್ಣಾ, ಸ್ಟಿಕ್ ಮುಟ್ಟಲಿಲ್ಲಂದ್ರೂ ತಾನೇ ಎಡಕ್ಕ ಹೊಂಟದ ನೋಡ್ರಿ." ಉತ್ತರವೂ ಹೆಚ್ಚುಕಮ್ಮಿ ಒಂದೇ: "ಧೂಳು ಕುಂತದ. ಸ್ಪ್ರೇ ಹೊಡದ್ರ ಸರಿ ಆಗ್ತದ." ಸ್ಪ್ರೇ ಹೊಡೆದರೆ ಸರಿಯಾಗುವುದು ನಿಜ, ಕೆಲವು ವಾರದ ಮಟ್ಟಿಗೆ.

ನಮ್ಮ ಕಡೆ ಧೂಳಿಗೇನೂ ಬರವಿಲ್ಲ. ಬ್ಯಾಸಗಿಯಲ್ಲಿ ಎರೆಮಣ್ಣು, ಶಹಾಬಾದದ ಕಡೆ ಫರ್ಸಿ ಪುಡಿ, ವಾಡಿ, ಸೇಡಂ ಕಡೆ ಸಿಮೆಂಟು. ಹೀಗಾಗಿ ತಪ್ಪನ್ನೆಲ್ಲ ಧೂಳಿನ ತಲೆಗೆ ಕಟ್ಟುವುದು ಸುಲಭ. ಆದರೆ ಕದ ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲೇ ಬಳಸಿದ ಕಂಟ್ರೋಲರ್‌ಗೂ ಇದೇ ರೋಗ ಬರುತ್ತದೆ. ಧೂಳು ರೋಗವನ್ನು ಬೇಗ ತಂದೀತು. ಅದರ ಬೇರು ಮಾತ್ರ ಸ್ಟಿಕ್‌ನ ಒಳಗೇ ಇದೆ.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮಾದರಿಯ ಸ್ಟಿಕ್ ಮಾಡ್ಯೂಲ್ ಬಿಚ್ಚಿ ನೋಡಿದರೆ ಅದರ ಎರಡು ಬದಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕಾಣುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಇವು ಪೊಟೆನ್ಷಿಯೊಮೀಟರ್‌ಗಳು, ಹಳೇ ರೇಡಿಯೊದ ವಾಲ್ಯೂಮ್ ಕಂಟ್ರೋಲ್‌ನ ಜಾತಿಯವೇ. ಒಳಗೆ ಕಾರ್ಬನ್ ಲೇಪಿಸಿದ ಕಮಾನು ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಸರಿಯುವ ಲೋಹದ ಸಣ್ಣ ಬೆರಳು. ಬೆರಳು ಎಲ್ಲಿ ನಿಂತಿದೆಯೋ ಅದರಂತೆ ವೋಲ್ಟೇಜ್ ಬದಲಾಗುತ್ತದೆ. ಪ್ಲೇಸ್ಟೇಷನ್ ಕಂಟ್ರೋಲರ್ ಅದನ್ನು ಗೇಮ್‌ಗೆ 0ರಿಂದ 255ರವರೆಗಿನ ಅಂಕಿಯಾಗಿ ಕಳಿಸುತ್ತದೆ. ಸ್ಟಿಕ್ ಸುಮ್ಮನಿದ್ದಾಗ ಅಂಕಿ 128ರ ಆಸುಪಾಸು ಇರಬೇಕು. ಉಜ್ಜಿ ಉಜ್ಜಿ ಕಾರ್ಬನ್ ಸವೆದು ಪುಡಿ ಉದುರಿದಾಗ, ಅಥವಾ ನಡುವಿಗೆ ತರುವ ಸ್ಪ್ರಿಂಗ್ ಸಡಿಲಾದಾಗ, ಆ 128 ಹೋಗಿ 140 ಆಗುತ್ತದೆ. ಗೇಮ್ ಮಾತ್ರ ನೀವೇ ಸ್ಟಿಕ್ ದೂಡಿದಿರಿ ಎಂದು ತಿಳಿಯುತ್ತದೆ.

ಈ ಜೋಡಣೆ ಹೊಸದಲ್ಲ. 1982ರ ಅಟಾರಿ 5200ರ ಜಾಯ್‌ಸ್ಟಿಕ್‌ನಲ್ಲೂ ಪೊಟೆನ್ಷಿಯೊಮೀಟರೇ ಇತ್ತು. ಕೈ ಬಿಟ್ಟರೆ ಅದು ನಡುವಿಗೇ ಮರಳುತ್ತಿರಲಿಲ್ಲ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಮನೆಮನೆಗೆ ಬಂದ ಕ್ಯಾಸೆಟ್ ಹಾಕುವ ಟಿವಿ ಗೇಮ್‌ಗಳಿಗೆ ಸ್ಟಿಕ್‌ನ ಗೋಜೇ ಇರಲಿಲ್ಲ. ಗುಂಡಿಯ ಕೆಳಗೆ ರಬ್ಬರ್, ರಬ್ಬರಿಗೆ ಕರಿ ಕಾರ್ಬನ್ ಬೊಟ್ಟು, ಅಷ್ಟೇ. ಬೊಟ್ಟು ಸವೆದರೆ ಟಿವಿ ರಿಮೋಟಿಗೆ ಮಾಡುವಂತೆ ಬೆಳ್ಳಿ ಕಾಗದದ ಚೂರು ಅಂಟಿಸಿದರೆ ಮುಗಿಯಿತು.

ತೊಡಕು ಶುರುವಾದದ್ದು 1996ರಲ್ಲಿ. ಆ ವರ್ಷ ಬಂದ ನಿಂಟೆಂಡೊ 64ರ ಸ್ಟಿಕ್ ಬೆಳಕಿನ ಕಿಂಡಿಗಳನ್ನು ಎಣಿಸಿ ದಿಕ್ಕು ಹಿಡಿಯುತ್ತಿತ್ತು. ಅದರಲ್ಲಿ ಡ್ರಿಫ್ಟ್ ಕಡಿಮೆ. ಆದರೆ ಸ್ಟಿಕ್ ಕೂರುವ ಪ್ಲಾಸ್ಟಿಕ್ ಬಟ್ಟಲೇ ಸವೆದು ಬಿಳಿ ಪುಡಿಯಾಗಿ ಸ್ಟಿಕ್ ಲೊಡಲೊಡ ಆಡುತ್ತಿತ್ತು. (ಅಂಗೈಯಿಂದ ಸ್ಟಿಕ್ ಗರಗರ ತಿರುಗಿಸುವ ಒಂದು ಆಟದಿಂದ ಮಕ್ಕಳ ಕೈ ಸುಲಿದು, 2000ದಲ್ಲಿ ನಿಂಟೆಂಡೊ ಅಮೆರಿಕದಲ್ಲಿ ಕೈಗವಸು ಹಂಚಬೇಕಾಯಿತು. ಅದು ಬೇರೆಯೇ ಕತೆ.) 1996ರಲ್ಲೇ ಸೆಗಾ ಕಂಪನಿ ತನ್ನ ಸ್ಯಾಟರ್ನ್ ಗೇಮ್ ಯಂತ್ರಕ್ಕೆ ತಂದ 3ಡಿ ಪ್ಯಾಡ್‌ನಲ್ಲಿ, ಆಮೇಲೆ 1998ರ ಡ್ರೀಮ್‌ಕಾಸ್ಟ್‌ನಲ್ಲಿ, ಅಯಸ್ಕಾಂತ ಮತ್ತು ಹಾಲ್ ಸೆನ್ಸರ್ ಇದ್ದವು. ಅಯಸ್ಕಾಂತ ಸ್ಟಿಕ್ ಜೊತೆ ಅಲುಗುತ್ತದೆ, ಸೆನ್ಸರ್ ದೂರದಿಂದಲೇ ಅದನ್ನು ಓದುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲವೆಂದಮೇಲೆ ಸವೆಯುವುದೇನು?

ಮದ್ದು ಅಂದೇ ಕೈಯಲ್ಲಿತ್ತು ಎಂದು ಹೇಳುವುದು ಇದಕ್ಕೇ. ಆದರೆ 2001ರಲ್ಲಿ ಡ್ರೀಮ್‌ಕಾಸ್ಟ್ ನಿಂತುಹೋಯಿತು, ಸೆಗಾ ಕನ್ಸೋಲ್ (ಗೇಮ್ ಯಂತ್ರ) ಧಂದೆಯನ್ನೇ ಬಿಟ್ಟಿತು. 1997ರ ಪ್ಲೇಸ್ಟೇಷನ್ ಕಂಟ್ರೋಲರ್ ಡ್ಯುಯಲ್‌ಶಾಕ್ ಹಾಕಿಕೊಟ್ಟ ದಾರಿಯೇ ಎಲ್ಲರ ದಾರಿಯಾಯಿತು: ಎರಡು ಸ್ಟಿಕ್, ನಾಲ್ಕು ಪೊಟೆನ್ಷಿಯೊಮೀಟರ್. ಅಗ್ಗ, ಸಿದ್ಧವಾಗಿ ಸಿಗುತ್ತದೆ, ಬ್ಯಾಟರಿ ತಿನ್ನುವುದೂ ಕಡಿಮೆ.

ಗದ್ದಲ ಎದ್ದದ್ದು 2017ರ ನಿಂಟೆಂಡೊ ಸ್ವಿಚ್‌ನಿಂದ. ಅದರ ಜಾಯ್‌ಕಾನ್ ಕಂಟ್ರೋಲರ್ ತೀರ ತೆಳ್ಳಗಿರುವುದರಿಂದ ಒಳಗೆ ಡಬ್ಬಿಗಳಿಲ್ಲ, ಚಪ್ಪಟೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಎಳೆ ಜಾರುತ್ತದೆ. 2019ರಲ್ಲಿ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು, 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಕ್ಷಮೆ ಕೇಳಿದರು. ಕವಚದೊಳಗೆ ಸುಮಾರು 1 ಮಿ.ಮೀ. ದಪ್ಪದ ರಟ್ಟು ಇಟ್ಟು ಸ್ಟಿಕ್ ಮಾಡ್ಯೂಲನ್ನು ಒತ್ತಿ ಹಿಡಿದರೆ ಡ್ರಿಫ್ಟ್ ನಿಲ್ಲುತ್ತದೆ ಎಂದು 2021ರಲ್ಲಿ ತಿಳಿದುಬಂತು. ಅಲ್ಲಿ ಒತ್ತಡ ಸಡಿಲಾಗುವುದೂ ಒಂದು ಕಾರಣ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅದೇ ವರ್ಷ, ರಿಪೇರಿ ಕಲಿಸುವ ಐಫಿಕ್ಸಿಟ್ ತಂಡ ಪ್ಲೇಸ್ಟೇಷನ್ 5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ಬಿಚ್ಚಿತು. ಒಳಗಿದ್ದ ಆಲ್ಪ್ಸ್ ಕಂಪನಿಯ ಮಾಡ್ಯೂಲಿನ ಬಾಳಿಕೆ 20 ಲಕ್ಷ ಸುತ್ತು. ಶೂಟಿಂಗ್ ಆಟ ಜೋರಾಗಿ ಆಡಿದರೆ ಅದು 417 ಗಂಟೆಗೇ ಮುಗಿಯಬಹುದು ಎಂಬುದು ಅವರ ಲೆಕ್ಕ. ದಿನಕ್ಕೆ ಎರಡು ತಾಸು ಆಡುವವರಿಗೆ ಏಳು ತಿಂಗಳು. ಈ ಬೆಲೆಯ ವಸ್ತುವಿಗೆ ಇದು ನಾಚಿಕೆಗೇಡು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರಲ್ಲೂ ಹಾಲ್ ಸೆನ್ಸರ್ ಇಲ್ಲ.

ಇನ್ನು ರಿಪೇರಿ. ವಾರಂಟಿ ಇದ್ದರೆ ಸ್ಕ್ರೂ ಮುಟ್ಟಬೇಡಿ, ಬಿಲ್ ಹುಡುಕಿ. ಮುಗಿದಿದ್ದರೆ ಮೊದಲು ಗೇಮ್‌ನ ಸೆಟಿಂಗ್ಸ್‌ನಲ್ಲಿ ಡೆಡ್‌ಝೋನ್ (ನಡುವಿನ ಆಸುಪಾಸಿನ ಅಲುಗಾಟವನ್ನು ಗೇಮ್ ಲೆಕ್ಕಕ್ಕೆ ಹಿಡಿಯದ ಜಾಗ) ಸ್ವಲ್ಪ ಏರಿಸಿ ನೋಡಿ. ಅಂಕಿಯ ಓಲಾಟ ಚಿಕ್ಕದಿದ್ದರೆ ಕೆಲಕಾಲ ಅಷ್ಟೇ ಸಾಕು. ಬಿಚ್ಚುವುದಾದರೆ ಡ್ಯುಯಲ್‌ಸೆನ್ಸ್‌ಗೆ ನಾಲ್ಕು ಸ್ಕ್ರೂ: ಕರಿ ಪಟ್ಟಿ ಎಬ್ಬಿಸಿದರೆ ಕೆಳಗೆ ಎರಡು, ಎಲ್1 ಮತ್ತು ಆರ್1 ಗುಂಡಿ ತೆಗೆದರೆ ಅಲ್ಲಿ ಎರಡು. ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ಪೊಟೆನ್ಷಿಯೊಮೀಟರ್ ಡಬ್ಬಿಯ ಮುಚ್ಚಳ ಕ್ಲಿಪ್ಪಿನಿಂದ ಕಳಚುತ್ತದೆ. ಶೇ 99ರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅದ್ದಿದ ಹತ್ತಿಕಡ್ಡಿಯಿಂದ ಪಟ್ಟಿಯನ್ನೂ ಲೋಹದ ಬೆರಳನ್ನೂ ಮೆತ್ತಗೆ ಒರೆಸಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡವೇ ಬೇಡ. ಜಿಡ್ಡು ಉಳಿದು, ಅಲ್ಲಿಯವರೆಗೆ ಇಲ್ಲದ ಧೂಳಿನ ಸಮಸ್ಯೆಯನ್ನು ನಿಜವಾಗಿಯೂ ತರುತ್ತದೆ. ಐಪಿಎ ಪುಡಿಯನ್ನು ತೆಗೆಯುತ್ತದೆ ಹೊರತು ಸವೆದ ಕಾರ್ಬನ್ ಮರಳಿ ಬರುವುದಿಲ್ಲ.

ಕಾಯಂ ಪರಿಹಾರವೆಂದರೆ ಮಾಡ್ಯೂಲನ್ನೇ ಬದಲಿಸಿ ಹಾಲ್ ಅಥವಾ ಟಿಎಂಆರ್ ಹಾಕುವುದು. ಎರಡೂ ಅಯಸ್ಕಾಂತವನ್ನು ಓದುವ ಸೆನ್ಸರ್‌ಗಳೇ, ಟಿಎಂಆರ್‌ಗೆ ಕರೆಂಟು ಕಡಿಮೆ ಸಾಕು, ಬ್ಯಾಟರಿ ಕಂಟ್ರೋಲರ್‌ಗೆ ಅದೇ ವಾಸಿ. ಆದರೆ ಒಂದೊಂದು ಮಾಡ್ಯೂಲಿಗೂ 14 ಬೆಸುಗೆ: ಪೊಟೆನ್ಷಿಯೊಮೀಟರ್‌ಗಳಿಗೆ 6, ಒತ್ತುಗುಂಡಿಗೆ 4, ಚೌಕಟ್ಟಿನ ಕಾಲಿಗೆ 4. ಕೆಲಸ ಕೆಡುವುದು ಇಲ್ಲೇ. ಕಂಪನಿಯ ಬೆಸುಗೆ ಸೀಸವಿಲ್ಲದ್ದು, ಬೇಗ ಕರಗದು. ಚೌಕಟ್ಟಿನ ಕಾಲುಗಳು ಬೋರ್ಡಿನ ದೊಡ್ಡ ತಾಮ್ರದ ಪದರಕ್ಕೆ ಸೇರಿರುವುದರಿಂದ ಐರನ್ನಿನ ಶಾಖವನ್ನೆಲ್ಲ ಅದು ಕುಡಿದುಬಿಡುತ್ತದೆ. ಅವಸರ ಮಾಡಿ ಎಳೆದರೆ ರಂಧ್ರದ ತಾಮ್ರವೇ ಕಿತ್ತು ಬರುತ್ತದೆ, ಬೋರ್ಡು ಹೋಯಿತು. ಐರನ್ 350-380 ಡಿಗ್ರಿಗೆ ಇಟ್ಟು, ಬೆಸುಗೆ ಸಲೀಸಾಗಿ ಹರಿಯಲು ಧಾರಾಳ ಫ್ಲಕ್ಸ್ ಹಚ್ಚಿ, ಮೊದಲು ಪ್ರತಿ ಬಿಂದುವಿಗೂ 60/40 (ತವರ 60, ಸೀಸ 40) ಸೀಸದ ಬೆಸುಗೆ ಸೇರಿಸಿದರೆ ಕರಗುವ ಶಾಖ ಇಳಿಯುತ್ತದೆ. ಆಮೇಲೆ ಸೋಲ್ಡರ್ ವಿಕ್ (ಬೆಸುಗೆ ಹೀರುವ ತಾಮ್ರದ ಹೆಣಿಗೆ) ಅಥವಾ ಪಂಪಿನಿಂದ ಹೀರಿ ತೆಗೆಯಿರಿ. ಮಾಡ್ಯೂಲ್ ತಾನಾಗಿ ಅಲುಗಿದರೆ ಮಾತ್ರ ಎತ್ತಿ.

ಹೊಸದು ಕೂರಿಸಿದ ಮೇಲೂ ಡ್ರಿಫ್ಟ್ ಕಂಡರೆ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಕಂಟ್ರೋಲರ್‌ನ ನೆನಪಿನಲ್ಲಿರುವುದು ಹಳೇ ಮಾಡ್ಯೂಲಿನ ನಡು. ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್‌ಗಳನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ಕ್ರೋಮ್ ಅಥವಾ ಎಡ್ಜ್ ಬ್ರೌಸರ್‌ನಲ್ಲೇ ಹೊಸ ನಡು ಗುರುತಿಸುವ ಉಚಿತ ಸಾಧನಗಳಿವೆ. ಕಾಯಂ ಆಗಿ ಉಳಿಸುವ ಆಯ್ಕೆ ಒತ್ತದಿದ್ದರೆ ಕಂಟ್ರೋಲರ್ ಆಫ್ ಮಾಡಿದೊಡನೆ ಎಲ್ಲ ಮೊದಲಿನಂತೆ.

ಹೊಸ ಕಂಟ್ರೋಲರ್ ಕೊಳ್ಳುವಾಗ ಡಬ್ಬದ ಮೇಲೆ ಹಾಲ್ ಎಂದು ಬರೆದಿದ್ದರೆ ಅದು ಸ್ಟಿಕ್‌ಗೋ ಬರೀ ಹಿಂಬದಿಯ ಟ್ರಿಗರ್ ಗುಂಡಿಗೋ ಎಂದು ಓದಿ ನೋಡಿ. ಟ್ರಿಗರ್‌ಗೆ ಮಾತ್ರ ಇರುವವೂ ಮಾರಾಟಕ್ಕಿವೆ. ಹಾಲ್ ಇದ್ದರೂ ಸ್ಪ್ರಿಂಗ್ ಸಡಿಲಾಗುವುದು ತಪ್ಪದು. ಅಯಸ್ಕಾಂತ ಇರುವ ಫೋನ್ ಹೋಲ್ಡರನ್ನು ಸ್ಟಿಕ್‌ಗೆ ಒತ್ತಿದಂತೆ ಹಾಕಿದರೆ ಅಂಕಿ ಅಲ್ಲೂ ಓಲಾಡಬಹುದು.