ಕಿವಿಯಲ್ಲಿ ಬ್ರೊಕೊಲಿ, ಒಲೆಯ ಮೇಲೆ ಬಸಳೆ

"ಪಾಡ್‌ಕಾಸ್ಟಲ್ಲಿ ಹೇಳಿದ್ರು ಮೇಡಂ, ಅನ್ನ ಬಿಡ್ಬೇಕಂತೆ." ಮಂಗಳೂರಿನ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ವಾರಕ್ಕೆ ಇಬ್ಬರಾದರೂ ಹೀಗೇ ಮಾತು ಶುರು ಮಾಡುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ನಾನು ಕೂತು ಬರೆದ ಡಯಟ್ ಚಾರ್ಟ್ ಫ್ರಿಜ್ಜಿನ ಬಾಗಿಲಲ್ಲಿ ಹಳದಿಯಾಗುತ್ತದೆ, ಯಾರೋ ಕಿವಿಯಲ್ಲಿ ಹೇಳಿದ್ದು ಮಾತ್ರ ನೆನಪಿರುತ್ತದೆ, ಅಲ್ವಾ?

ಆಮೇಲೆ ಕಾರಣ ಹೊಳೆಯಿತು. ಚಾರ್ಟ್ ಓದಲು ಕೆಲಸ ಬಿಟ್ಟು ಕೂರಬೇಕು. ಪಾಡ್‌ಕಾಸ್ಟ್ ತರಕಾರಿ ಹೆಚ್ಚುವಾಗಲೇ ಜೊತೆಗಿರುತ್ತದೆ. ನಮ್ಮ ಕಡೆಗೆ ಇದು ಹೊಸದೂ ಅಲ್ಲ. ಬೀಡಿ ಕಟ್ಟುವ ಹೆಂಗಸರು ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಮಂಗಳೂರು ಆಕಾಶವಾಣಿ ಕೇಳುತ್ತಲೇ ದಿನ ಕಳೆಯುತ್ತಿದ್ದರು.

ಒಬ್ಬರ ಕತೆ ಹೇಳುತ್ತೇನೆ. ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಬಸ್ಸಲ್ಲಿ ಬರುವವರು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದರು. ಕೂಳೂರು ಸೇತುವೆ ಹತ್ತಿರ ಬಸ್ಸು ಬ್ಲಾಕಲ್ಲಿ ನಿಂತಾಗ ಕೇಳಿದ ಎಪಿಸೋಡೊಂದು ತಲೆಯಲ್ಲಿ ಕೂತಿತ್ತು: ಅರ್ಧ ತಟ್ಟೆ ತರಕಾರಿ ಇರಬೇಕು. "ಅಷ್ಟು ಬ್ರೊಕೊಲಿ ಎಲ್ಲಿಂದ ತರುದು ಮೇಡಂ?"

ಮಾತು ಸರಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ತಟ್ಟೆಯ ಅರ್ಧದಷ್ಟು ತರಕಾರಿ, ಹಣ್ಣು ಇರಲಿ ಅನ್ನುತ್ತದೆ. ಆದರೆ ಬ್ರೊಕೊಲಿಯೇ ಯಾಕೆ? ನಿನ್ನೆ ರಾತ್ರಿ ಏನು ಉಂಡಿರಿ ಅಂತ ಕೇಳಿದೆ. ಕುಚ್ಚಲಕ್ಕಿ ಅನ್ನದ ಗುಡ್ಡೆ, ಬಂಗುಡೆ ಮೀನಿನ ಹುಳಿ-ಖಾರದ ಪುಳಿಮುಂಚಿ, ಉಪ್ಪಿನಕಾಯಿ, ಬದಿಯಲ್ಲಿ ಒಂದು ಚಮಚ ತೊಂಡೆಕಾಯಿ ಪಲ್ಯ.

ಇದರಲ್ಲಿ ಬಿಸಾಡುವಂಥದ್ದು ಏನೂ ಇಲ್ಲ. ಬಂಗುಡೆಯಲ್ಲಿ ಹೃದಯಕ್ಕೆ ಬೇಕಾದ ಒಮೆಗಾ-3 ಇದೆ. ಭತ್ತ ಬೇಯಿಸುವಾಗ ತೌಡಿನ ಬಿ ವಿಟಮಿನ್ ಸ್ವಲ್ಪ ಕಾಳಿನೊಳಕ್ಕೆ ಇಳಿಯುತ್ತದೆ, ಅದು ಕುಚ್ಚಲಕ್ಕಿಯ ಗುಣ. ಹಾಗಂತ ಕುಚ್ಚಲಕ್ಕಿ ಎಷ್ಟು ಉಂಡರೂ ನಡೆಯುತ್ತದೆ ಅನ್ನುವುದು ನಮ್ಮೂರಿನ ದೊಡ್ಡ ಭ್ರಮೆ. ಅನ್ನ ಅನ್ನವೇ. ನಾವು ಬದಲಾಯಿಸಿದ್ದು ಬಡಿಸುವ ಕ್ರಮ ಒಂದನ್ನೇ. ಮೊದಲು ಪಲ್ಯ, ಎರಡು ಸೌಟು. ಬಸಳೆ, ಹರಿವೆ, ಅಲಸಂಡೆ, ಗುಳ್ಳ ಬದನೆ, ಯಾವುದು ಸಿಗುತ್ತದೋ ಅದು. ಉಳಿದ ಜಾಗದಲ್ಲಿ ಅನ್ನ, ಮೀನು.

ಮೂರು ತಿಂಗಳಲ್ಲಿ ರಿಪೋರ್ಟಲ್ಲಿ ಸಕ್ಕರೆ ಸ್ವಲ್ಪ ಇಳಿಯಿತು. ಪಲ್ಯ ಒಂದರಿಂದಲೇ ಅಂತ ನಾನು ಹೇಳಲಾರೆ. ಎಪಿಸೋಡ್ ಮುಗಿಯಲಿಲ್ಲ ಅಂತ ಅವರು ಹಂಪನಕಟ್ಟೆಗಿಂತ ಮೊದಲಿನ ಜ್ಯೋತಿ ಸ್ಟಾಪಲ್ಲೇ ಇಳಿದು ನಡೆಯಲು ಶುರು ಮಾಡಿದ್ದರು!

ಇನ್ನೊಬ್ಬರದ್ದು ಉಲ್ಟಾ ಆಯಿತು. ಹದಿನಾರು ಗಂಟೆ ಉಪವಾಸದ ಬಗ್ಗೆ ಕೇಳಿ, ಮರುದಿನವೇ ಬೆಳಗಿನ ತಿಂಡಿ ಬಿಟ್ಟರು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ಬಿಡಲಿಲ್ಲ. ಹೊಟ್ಟೆಯಲ್ಲಿ ಏನಿದೆ ಅಂತ ಆ ಮಾತ್ರೆ ನೋಡುವುದಿಲ್ಲ, ಇನ್ಸುಲಿನ್ ಹೊರಡಿಸಿ ರಕ್ತದ ಸಕ್ಕರೆ ಇಳಿಸುತ್ತದೆ. ಹನ್ನೊಂದು ಗಂಟೆಗೆ ಬೆವರು, ಕೈ ನಡುಕ. ಪಕ್ಕದ ಮೇಜಿನವರು ಮೂರು ಚಮಚ ಸಕ್ಕರೆ ಕರಗಿಸಿ ಕುಡಿಸಿದ್ದಕ್ಕೆ ಬಚಾವಾದರು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರೂ ಹುಷಾರು. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ, ಸೊಪ್ಪನ್ನು ಒಮ್ಮೆಲೇ ಜಾಸ್ತಿ ಮಾಡಬಾರದು. ಪಾಡ್‌ಕಾಸ್ಟಿನಲ್ಲಿ ಮಾತಾಡುವವರಿಗೆ ನಿಮ್ಮ ಮಾತ್ರೆ ಡಬ್ಬಿ ಕಾಣುವುದಿಲ್ಲ. ಕೇಳಿದ್ದನ್ನು ಮಾಡುವ ಮೊದಲು ಆ ಡಬ್ಬಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಹಾಗೆಯೇ, ಎಪಿಸೋಡಿನ ಕೊನೆಗೆ ಪೌಡರ್ ಮಾರುವವರನ್ನು ನಾನಂತೂ ಅರ್ಧಕ್ಕೇ ನಿಲ್ಲಿಸುತ್ತೇನೆ.

ಊಟಕ್ಕೆ ಕೂತಾಗ ಮಾತ್ರ ಯಾವುದೂ ಬೇಡ. ಗಮನ ಕಿವಿಯಲ್ಲಿದ್ದರೆ ಎಷ್ಟು ತುತ್ತು ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಸುರತ್ಕಲ್‌ನವರು ಹೋದ ತಿಂಗಳು ಮತ್ತೆ ಬಂದಿದ್ದರು. ಈಗ ಫೋನನ್ನು ಅಡುಗೆಮನೆಯ ಶೆಲ್ಫಲ್ಲಿ ಜೋರಾಗಿ ಹಾಕಿಡುತ್ತಾರಂತೆ, ಅತ್ತೆ ತೆಂಗಿನಕಾಯಿ ತುರಿಯುತ್ತಾ ಕೇಳುತ್ತಾರಂತೆ. "ಅತ್ತೆ ಸುಮ್ನೆ ಕೇಳುದಿಲ್ಲ ಮೇಡಂ, ಜಗಳ ಮಾಡ್ತಾರೆ. ಆ ಜನಕ್ಕೆ ಒಮ್ಮೆ ಒಂದೆಲಗದ ತಂಬುಳಿ ಉಣ್ಲಿಕ್ಕೆ ಕೊಡ್ಬೇಕು, ಮತ್ತೆ ಮಾತಾಡ್ಲಿ ಅಂತಾರೆ."