ನೆಲ ಹೊಳೆದರೆ ಯಾರಿಗೆ ಒಳ್ಳೆಯದು?

ನಮ್ಮ ದೊಡ್ಡಮ್ಮನಿಗೆ ಮರೆವಿನ ಕಾಯಿಲೆ. ಒಮ್ಮೆ ಆಸ್ಪತ್ರೆಗೆ ಸೇರಿಸಿದ್ದಾಗ ಕಾರಿಡಾರಿನ ನಡುವೆ ಗಕ್ಕನೆ ನಿಂತುಬಿಟ್ಟರು. "ನೀರು ನಿಂತಿದೆ ಕಣೋ, ಜಾರ್ತೀನಿ" ಅಂದರು. ಒಂದು ಹನಿ ನೀರೂ ಇರಲಿಲ್ಲ. ಟೈಲ್ಸ್ ಫಳಫಳ ಹೊಳೆಯುತ್ತಿತ್ತು, ಅಷ್ಟೇ. ನಾನು ಸುಮ್ನೆ ರೇಗಿದೆ.

ತಪ್ಪು ನನ್ನದೇ ಎಂದು ಗೊತ್ತಾಗಿದ್ದು ಆಮೇಲೆ, ಇಂಗ್ಲೆಂಡಿನ 'ಪ್ಲೇಸ್' ಬಗ್ಗೆ ಓದಿದಾಗ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ 2013ರಲ್ಲಿ ಶುರು ಮಾಡಿದ ಆಸ್ಪತ್ರೆಗಳ ತಪಾಸಣೆ ಇದು. ತಂಡದಲ್ಲಿ ಕನಿಷ್ಠ ಅರ್ಧದಷ್ಟು ಜನ ರೋಗಿಗಳ ಕಡೆಯವರೇ ಇರಬೇಕು. ಔಷಧ, ಆಪರೇಶನ್ ವಿಷಯಕ್ಕೆ ಅವರು ಕೈ ಹಾಕುವುದಿಲ್ಲ. ಬಾತ್‌ರೂಮು ಸ್ವಚ್ಛವಿದೆಯಾ, ಬಟ್ಟೆ ಬದಲಿಸುವಾಗ ಪರದೆ ಪೂರ್ತಿ ಮುಚ್ಚುತ್ತದಾ ಎಂದು ನೋಡುತ್ತಾರೆ. ರೋಗಿಗಳಿಗೆ ಬಡಿಸುವ ಊಟವನ್ನೇ ತಾವೂ ರುಚಿ ನೋಡಿ ಅಂಕ ಕೊಡುತ್ತಾರೆ.

ಮರೆವಿನ ರೋಗಿಗಳಿಗೆಂದೇ ಅವರ ಪಟ್ಟಿಯಲ್ಲಿ ಬೇರೆ ಪ್ರಶ್ನೆಗಳಿವೆ. ಈ ಕಾಯಿಲೆಯಲ್ಲಿ ಕಣ್ಣು ಸರಿಯಿದ್ದರೂ ಕಂಡದ್ದನ್ನು ಮಿದುಳು ಬಿಡಿಸಿಕೊಳ್ಳುವುದು ಕಷ್ಟವಾಗಬಹುದು. ಹೊಳೆಯುವ ನೆಲ ಒದ್ದೆ ನೆಲದಂತೆ ಕಾಣುತ್ತದೆ. ಬಾಗಿಲ ಬಳಿಯ ಕಪ್ಪು ಮ್ಯಾಟ್ ಗುಂಡಿಯಂತೆ. ನೆಲದ ಮೇಲೆ ಚುಕ್ಕೆಗಳಿದ್ದರೆ ಏನೋ ಬಿದ್ದಿದೆ ಎಂದು ಬಗ್ಗಿ ಹೆಕ್ಕಲು ಹೋಗುತ್ತಾರೆ. ಬಿಳಿ ಗೋಡೆ, ಬಿಳಿ ಕಮೋಡು, ಬಿಳಿ ಸೀಟು ಇದ್ದರೆ ಎಲ್ಲಿ ಕೂರಬೇಕು ಎಂದೇ ತಿಳಿಯುವುದಿಲ್ಲ. ಸೀಟಿಗೆ ಎದ್ದು ಕಾಣುವ ಬೇರೆ ಬಣ್ಣ ಸಾಕು, ಖರ್ಚೂ ಜಾಸ್ತಿ ಇಲ್ಲ.

ಇದೆಲ್ಲ ಬರೀ ಅನುಕೂಲದ ಮಾತು, ಕಾಯಿಲೆ ವಾಸಿಯಾಗುವುದಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಆದರೆ 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಒಂದು ಆಸ್ಪತ್ರೆಯ ಹಳೆಯ ದಾಖಲೆ ಹಿಡಿದು ಲೆಕ್ಕ ಹಾಕಿದರು. ಪಿತ್ತಕೋಶದ ಆಪರೇಶನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಸರಾಸರಿ 7.96 ದಿನಕ್ಕೆ ಮನೆಗೆ ಹೋಗಿದ್ದರು. ಇಟ್ಟಿಗೆ ಗೋಡೆ ಕಾಣುತ್ತಿದ್ದವರು 8.70 ದಿನ ಇದ್ದರು, ಬಲವಾದ ನೋವಿನ ಔಷಧವೂ ಹೆಚ್ಚು ಬೇಕಾಗಿತ್ತು. ಒಟ್ಟು 46 ಜನರ ಲೆಕ್ಕವಷ್ಟೇ, ತೀರಾ ಎಳೆದಾಡಬಾರದು. ಆದರೂ ಕಿಟಕಿ ಎಂದರೆ ಬರೀ ಕಿಟಕಿಯಲ್ಲ ಎಂಬ ಅನುಮಾನ ಅಲ್ಲಿಂದ ಗಟ್ಟಿಯಾಯಿತು.

ನಮ್ಮಲ್ಲೂ 2015ರಿಂದ ಕೇಂದ್ರದ 'ಕಾಯಕಲ್ಪ' ಇದೆ. ಸರ್ಕಾರಿ ಆಸ್ಪತ್ರೆಗಳಿಗೆ ಸ್ವಚ್ಛತೆ, ಕಸ ವಿಲೇವಾರಿ, ಸೋಂಕು ತಡೆ ಎಂದೆಲ್ಲ ಅಂಕ. ಪ್ರಶಸ್ತಿಗೆ ಶೇಕಡ 70 ಬೇಕು. ಒಳ್ಳೆಯ ಕೆಲಸ. ಮೊದಲು ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ, ಆಮೇಲೆ ಇನ್ನೊಂದು ಆಸ್ಪತ್ರೆಯವರು, ಕೊನೆಗೆ ಹೊರಗಿನ ತಂಡ. ರೋಗಿಗಳನ್ನು ಮಾತಾಡಿಸುತ್ತಾರೆ, ನಿಜ. ಪೆನ್ನು ಮಾತ್ರ ರೋಗಿಯ ಕೈಗೆ ಬರುವುದಿಲ್ಲ. ಸದಾ ಒಂದೇ ವಾಸನೆಯಲ್ಲಿದ್ದರೆ ಮೂಗಿಗೆ ಅದು ತಿಳಿಯುವುದೇ ನಿಂತುಹೋಗುತ್ತದೆ, ಅಲ್ವಾ? ಆಸ್ಪತ್ರೆಯಲ್ಲೇ ಇಪ್ಪತ್ತು ವರ್ಷ ಓಡಾಡಿದ ಕಣ್ಣೂ ಹಾಗೇ ಇರಬಹುದು.

ದೊಡ್ಡಮ್ಮ ನಿಂತ ಆ ಕಾರಿಡಾರು ಈಗಲೂ ಹಾಗೇ ಹೊಳೆಯುತ್ತದೆ. ನನಗೆ ಪಟ್ಟಿ ಕೊಟ್ಟಿದ್ದರೆ ಸ್ವಚ್ಛತೆಗೆ ಪೂರ್ತಿ ಅಂಕ ಹಾಕಿರುತ್ತಿದ್ದೆ.