ಟೆಸೆರಾಕ್ಟ್ ಬಿಲ್ಡ್ ಆಯಿತು, ಫೋಟೋ ಮಾತ್ರ ಓದಲಿಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಡಿಟಿಪಿ ಅಂಗಡಿಯ ಹುಡುಗನೊಬ್ಬ ಹೋದ ತಿಂಗಳು ಫೋನ್ ಮಾಡಿದ. "ಎಲ್ಲಾ ಆಗ್ಯಾದ್ರಿ ಸರ್, ಮೇಕ್‌ನ್ಯಾಗ ಒಂದೂ ಎರರ್ ಬಂದಿಲ್ಲ. ಆದ್ರ ಫೋಟೋನೇ ಓದವಲ್ದು."

ಹಳೆಯ ಕನ್ನಡ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಟೈಪ್ ಮಾಡಿದ ಹಾಗೆ ಅಕ್ಷರ ಪಡೆಯುವುದು ಅವನ ಕೆಲಸ. ಅದಕ್ಕೆ ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸೆರಾಕ್ಟ್ ಬೇಕು. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಓಪನ್ ಸೋರ್ಸ್ ಆದ ಲೈಬ್ರರಿ (ಬೇರೆ ಪ್ರೋಗ್ರಾಂಗಳೂ ಬಳಸಬಹುದಾದ ಸಿದ್ಧ ಕೋಡ್) ಅದು. ಅವನ ಉಬುಂಟು 22.04ರಲ್ಲಿ ಆಪ್ಟ್, ಅಂದರೆ ಸಿದ್ಧ ಪ್ಯಾಕೇಜ್ ಇಳಿಸಿ ಹಾಕುವ ಕಮಾಂಡ್, ಕೊಡುವುದು 4.1.1. ಆದರೆ 5.0 ಆವೃತ್ತಿ 2021ರಲ್ಲೇ ಬಂದಿದೆ. ಹೊಸದೇ ಬೇಕೆಂದು ಸೋರ್ಸ್ ಕೋಡ್ ಇಳಿಸಿಕೊಂಡು ತಾನೇ ಬಿಲ್ಡ್ ಮಾಡಿದ್ದ. ಒಳ್ಳೆಯ ಧೈರ್ಯ.

ನಮ್ಮ ಕಡೆ ಇದನ್ನು ತೊಗರಿ ಹಿಡಿದು ಹೇಳಿದರೆ ಬೇಗ ತಿಳಿಯುತ್ತದೆ. ಆಪ್ಟ್‌ನಿಂದ ಬರುವುದು ಅಂಗಡಿಯ ಬೇಳೆ. ಸೋರ್ಸ್ ಅಂದರೆ ಹೊಲದ ತೊಗರಿ. ದಾಲ್ ಮಿಲ್ಲಿಗೆ ಒಯ್ದು ಬೇಳೆ ಮಾಡಿಸಬೇಕು, ಅದೇ ಬಿಲ್ಡ್. ಬೇಕಾದದ್ದೆಲ್ಲ ಇದೆಯೇ ಎಂದು ಮೊದಲು ನೋಡುವುದು ಕಾನ್ಫಿಗರ್, ಬೇಳೆ ಮಾಡುವುದು ಮೇಕ್.

ನಾನು ಅಂಗಡಿಗೆ ಹೋಗಿ ಕೂತೆ. ಪರದೆಯ ಮೇಲೆ ಒಂದು ಸಾಲು: 'ಪಿಕ್ಸ್‌ರೀಡ್‌ಸ್ಟ್ರೀಮ್‌ಪಿಎನ್‌ಜಿ, ಫಂಕ್ಷನ್ ನಾಟ್ ಪ್ರೆಸೆಂಟ್'. ಪಿಎನ್‌ಜಿ ಎಂಬ ಬಗೆಯ ಚಿತ್ರ ಓದುವ ಭಾಗವೇ ಇಲ್ಲ ಎಂದರ್ಥ. ಚಿತ್ರ ತೆರೆಯುವ ಕೆಲಸ ಟೆಸೆರಾಕ್ಟ್ ತಾನೇ ಮಾಡುವುದಿಲ್ಲ, ಲೆಪ್ಟೋನಿಕಾ ಎಂಬ ಇನ್ನೊಂದು ಲೈಬ್ರರಿಗೆ ಬಿಡುತ್ತದೆ. ಲೆಪ್ಟೋನಿಕಾ ಪಿಎನ್‌ಜಿ ಚಿತ್ರಕ್ಕೆ ಲಿಬ್‌ಪಿಎನ್‌ಜಿಯನ್ನು ನೆಚ್ಚಿಕೊಂಡಿದೆ. ಲೆಪ್ಟೋನಿಕಾವನ್ನೂ ಹುಡುಗ ಸೋರ್ಸ್‌ನಿಂದಲೇ ಬಿಲ್ಡ್ ಮಾಡಿದ್ದ. ಕಾನ್ಫಿಗರ್ ಓಡುವಾಗ ಲಿಬ್‌ಪಿಎನ್‌ಜಿಯ ಹೆಡರ್ ಫೈಲ್ (ಲೈಬ್ರರಿಯಲ್ಲಿ ಏನೇನಿದೆ ಎಂದು ಬಿಲ್ಡ್ ಮಾಡುವಾಗ ತಿಳಿಸುವ ಫೈಲ್) ಸಿಕ್ಕಿಲ್ಲ. ಆದರೂ ಕಾನ್ಫಿಗರ್ ನಿಲ್ಲಲಿಲ್ಲ, ಪಿಎನ್‌ಜಿ ಓದುವ ಭಾಗವನ್ನೇ ಬಿಟ್ಟು ಸುಮ್ನೆ ಮುಂದೆ ಹೋಯಿತು. ನೂರಾರು ಸಾಲು ಸರಸರ ಓಡುವಾಗ ನಡುವೆ 'ನೋ' ಎಂದು ಬಂದದ್ದನ್ನು ಯಾರು ನೋಡುತ್ತಾರೆ, ಅಲ್ವಾ? ಆದರೆ ನೋಡಲೇಬೇಕಾದದ್ದು ಅದೇ. ಕಾನ್ಫಿಗರ್ ಮುಗಿದ ಮೇಲೆ ಎರಡು ನಿಮಿಷ ಕೂತು ಓದಿ, ಆಮೇಲೆ ಮೇಕ್ ಕೊಡಿ.

"ಲಿಬ್‌ಪಿಎನ್‌ಜಿ ನನ್ನ ಕಂಪ್ಯೂಟರ್‌ನ್ಯಾಗ ಅದಲ್ರಿ?" ಅಂದ. ಇತ್ತು, ನಿಜ. ಆದರೆ ಪ್ರೋಗ್ರಾಂ ಓಡಿಸಲು ಬೇಕಾದ ಲೈಬ್ರರಿ ಒಂದು ಪ್ಯಾಕೇಜ್, ಬಿಲ್ಡ್ ಮಾಡಲು ಬೇಕಾದ ಹೆಡರ್‌ಗಳು ಇನ್ನೊಂದು ಪ್ಯಾಕೇಜ್. ಉಬುಂಟುವಿನಲ್ಲಿ ಎರಡನೆಯದರ ಹೆಸರಿನ ಕೊನೆಗೆ 'ಡೆವ್' ಎಂದಿರುತ್ತದೆ. ಪಿಎನ್‌ಜಿ, ಜೆಪೆಗ್, ಟಿಫ್ ಮೂರರ ಡೆವ್ ಪ್ಯಾಕೇಜ್‌ಗಳನ್ನು ಹಾಕಿದೆವು. ಲೆಪ್ಟೋನಿಕಾ ಫೋಲ್ಡರಿನಲ್ಲಿ ಹಳೆಯ ಬಿಲ್ಡ್ ಅಳಿಸಲು ಮೇಕ್ ಕ್ಲೀನ್ ಕೊಟ್ಟು, ಕಾನ್ಫಿಗರ್‌ನಿಂದ ಮತ್ತೆ ಶುರು ಮಾಡಿದೆವು. ನಡುವೆ ಕರೆಂಟ್ ಹೋಯಿತು. ಬಂದ ಮೇಲೆ ಮೇಕ್ ಮತ್ತೆ ಕೊಟ್ಟರೆ ಸಾಮಾನ್ಯವಾಗಿ ಸಾಕು, ಆಗಿರುವ ಫೈಲ್‌ಗಳನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ.

ನಿಜ ಹೇಳಬೇಕೆಂದರೆ ಲೆಪ್ಟೋನಿಕಾವನ್ನು ಬಿಲ್ಡ್ ಮಾಡುವ ಅಗತ್ಯವೇ ಇರಲಿಲ್ಲ. ಆಪ್ಟ್‌ನಲ್ಲಿರುವ ಲೆಪ್ಟೋನಿಕಾ ಟೆಸೆರಾಕ್ಟ್ 5ಕ್ಕೆ ಧಾರಾಳವಾಗಿ ಸಾಕು. ಯಾವುದು ಹೊಸದು ಬೇಕೋ ಅದೊಂದನ್ನೇ ಸೋರ್ಸ್‌ನಿಂದ ಮಾಡಿ, ಉಳಿದದ್ದು ಅಂಗಡಿ ಬೇಳೆಯೇ ಇರಲಿ.

ಮೇಕ್ ಇನ್‌ಸ್ಟಾಲ್ ಆದ ಮೇಲೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಎಲ್‌ಡಿಕಾನ್ಫಿಗ್ ಕೊಡಿ. ಹೊಸ ಲೈಬ್ರರಿ ಯೂಸರ್-ಲೋಕಲ್-ಲಿಬ್ ಫೋಲ್ಡರಿಗೆ ಬಂದಿದೆ ಎಂದು ಸಿಸ್ಟಮ್‌ಗೆ ಗೊತ್ತಾಗುವುದು ಆಗಲೇ. ಕನ್ನಡದ 'ಕ್ಯಾನ್ ಟ್ರೇನ್ಡ್‌ಡೇಟಾ' ಫೈಲ್, ಅಂದರೆ ಕನ್ನಡ ಅಕ್ಷರ ಗುರುತಿಸಲು ಬೇಕಾದ ಡೇಟಾ, ಸೋರ್ಸ್ ಜೊತೆ ಬರುವುದಿಲ್ಲ, ಬೇರೆ ಇಳಿಸಿ ಟೆಸ್‌ಡೇಟಾ ಫೋಲ್ಡರಿನಲ್ಲಿ ಇಡಬೇಕು.

ಕೊನೆಗೆ ಟೆಸೆರಾಕ್ಟ್‌ನ ವರ್ಷನ್ ಕೇಳಿದೆವು. ಲೆಪ್ಟೋನಿಕಾ ಸಾಲಿನ ಕೆಳಗೆ ಲಿಬ್‌ಜೆಪೆಗ್, ಲಿಬ್‌ಪಿಎನ್‌ಜಿ, ಲಿಬ್‌ಟಿಫ್ ಹೆಸರುಗಳು ಸಾಲಾಗಿ ಬಂದವು. ಹುಡುಗ ಮೊದಲು ಅಲ್ಲಿ ಬೆರಳಿಟ್ಟು ಒಂದೊಂದಾಗಿ ಓದಿದ, ಆಮೇಲೆ ಪುಸ್ತಕದ ಮೊದಲ ಪುಟ ಕೊಟ್ಟ.